ಸೋಮಾರಿ ಕಲ್ಲಿನ ಒಂದು ಸುತ್ತು

ಜೂನ್ ೨೭, ೨೦೨೫. ಬೆಳಿಗ್ಗೆ ೬.೪೦

ಮೇಲ್ ಬಂದಿತ್ತು. ಚಹಾ ಆರಿಹೋಯಿತು, ಹೋಗಲಿ. ಹೊರದೇಶದ ದೊಡ್ಡ ದುರ್ಬೀನು ತೆಗೆದ ಫೋಟೋ. ಅದರಲ್ಲೊಂದು ಚುಕ್ಕೆ — ಮಂಗಳ, ಗುರುಗಳ ನಡುವೆ ಅಲೆಯುವ ನಮ್ಮ ಕ್ಷುದ್ರಗ್ರಹ. ಅಳತೆ ಶುರುಮಾಡಿದ್ದು ನಿನ್ನೆ; ಇವತ್ತು ನಿನ್ನೆಗಿಂತ ಚೂರು ಮಂಕು. ಅಳೆದು ಬೀರಲಿಂಗೇಶನಿಗೆ ಕಳಿಸಿದೆ. ನಾಳೆ ಅವನು ಅಳೆಯೋದು. ಬೇರೆಯವು ಏಳೆಂಟು ಗಂಟೆಯಲ್ಲಿ ತಮ್ಮ ಸುತ್ತ ತಾವು ಒಂದು ಸುತ್ತು ತಿರುಗಿಬಿಡುತ್ತವೆ. ಇದಕ್ಕೆ ವಾರಗಟ್ಟಲೆ ಬೇಕು; ಬೆಳಕಿನ ಏರಿಳಿತ ನೋಡಿ ಸುತ್ತು ಲೆಕ್ಕ ಹಾಕೋದು. ಸೋಮಾರಿ ಅಂತ ಹೆಸರಿಟ್ಟಿದ್ದೇನೆ.

ಒಪ್ಪಂದ ಇಷ್ಟು: ಸೋಮಾರಿ ಒಂದು ಸುತ್ತು ಮುಗಿಸಿದ ದಿನ ನಾವಿಬ್ಬರೂ ಮನೆಯಲ್ಲಿ ನಮ್ಮ ಮದುವೆ ಮಾತು ಹೇಳೋದು. ನಾವು ಕೊಟ್ಟೂರಿನ ಲಿಂಗವಂತರು, ಅಪ್ಪನದು ಸಿಮೆಂಟ್ ಅಂಗಡಿ. ಬೀರನ ಮನೆಯವರು ಇಟ್ಟಿಗಿಯ ಕುರುಬರು, ಅವನು ಹಡಗಲಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ಧೈರ್ಯಕ್ಕೊಂದು ಗಡುವು ಬೇಕಲ್ಲ. ಹೇಗೂ ಆಷಾಢ. ಹೆಣ್ಣು ನೋಡೋಕೆ ತಿಂಗಳು ಪೂರ್ತಿ ಯಾರೂ ಬರಲ್ಲ.

ಜುಲೈ ೧೦, ಸಂಜೆ

ಮಂಕಾಗಿ, ಮತ್ತೆ ಬೆಳಗಿ, ಮೊದಲಿನ ಜಾಗಕ್ಕೇ ಬಂತು! ಹದಿನಾಲ್ಕು ದಿನ. ಕೂಡಲೇ ಬೀರನಿಗೆ ಫೋನ್ ಮಾಡಿದೆ.

“ಇಲ್ಲ ಲೇ ವಾಣಿ,” ಅಂದ. “ಕಲ್ಲು ಉದ್ದಕೈತಿ. ಒಂದು ಸುತ್ತಿಗೆ ಎರಡು ಸಲ ಬೆಳಗತೈತಿ. ಇದು ಅರ್ಧ ಸುತ್ತು. ಇನ್ನೊಂದು ಹದಿನಾಲ್ಕು ದಿನ ತಡಿ.”

ನನಗೂ ಗೊತ್ತಿರೋದೇ. ಕಾಲೇಜಿನಲ್ಲಿ ಫಿಸಿಕ್ಸ್ ಹೇಳೋಳು ನಾನು. ಆಸೆ ಜಾಸ್ತಿಯಾಗಿತ್ತು, ಅಷ್ಟೆ.

ಅದೇ ದಿನ, ಊಟ ಆದಮೇಲೆ

ಊಟಕ್ಕೆ ಕೂತಾಗ ಅಪ್ಪ ರೊಟ್ಟಿ ಮುರಿಯುತ್ತ ಕೇಳಿದರು: “ಯವ್ವಾ, ಮನಸಿನಾಗ ಯಾರರ ಅದಾರೇನು? ಇದ್ರ ಹೇಳಿಬಿಡು. ಜಾತಿ ಗೀತಿ ಆಮ್ಯಾಲ ನೋಡೋಣು.”

ಅಪ್ಪ ಹೀಗೆ ಕೇಳಿದ್ದು ಇದೇ ಮೊದಲು. ಅವ್ವ ಸೌಟು ಹಿಡಿದು ನಿಂತೇ ಬಿಟ್ಟಳು.

“ಯಾರೂ ಇಲ್ಲಪ್ಪ,” ಅಂದೆ. ಸುತ್ತು ಮುಗಿದಿಲ್ಲವಲ್ಲ... ಮಾತು ಅಂದರೆ ಮಾತು.

ಜುಲೈ ೨೪, ಅಮಾವಾಸ್ಯೆ. ಬೆಳಿಗ್ಗೆ

ಬೆಳಕಿನ ಅಳತೆಗಳನ್ನು ಜೋಡಿಸಿ ಎಳೆದ ಗೆರೆಯಲ್ಲಿ ಎರಡನೇ ಉಬ್ಬು ಮೊದಲನೆಯದಕ್ಕಿಂತ ಕುಳ್ಳ. ಬೀರ ಹೇಳಿದ್ದೇ ಸರಿ. ಇವತ್ತು ಗೆರೆ ಶುರುವಾದ ಜಾಗಕ್ಕೇ ಬಂದು ಕೂಡಿತು. ಇಪ್ಪತ್ತೆಂಟು ದಿನ! ನಾಳೆ ಶ್ರಾವಣ. ನಾಳೆಯೇ ಬೀರ ತನ್ನ ತಾಯಿ ಸುಂಕಮ್ಮನನ್ನು ಕರೆದುಕೊಂಡು ಹನ್ನೊಂದರ ಬಸ್ಸಿಗೆ ಬರುತ್ತಾನಂತೆ. ನಾನು ಇವತ್ತೇ ಹೇಳಬೇಕು.

ಮಧ್ಯಾಹ್ನ

ಹೇಳಿದೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅವತ್ತು ಕೇಳಿದ್ನಲ್ಲವ್ವ. ಯಾರೂ ಇಲ್ಲ ಅಂದಿ. ಮರುದಿನಾನ ಹರಪನಹಳ್ಳಿಯವರಿಗೆ ಮಾತು ಕೊಟ್ಟೆ. ಆಷಾಢ ಕಳೀಲಿ ಅಂತ ನಿನಗ ಹೇಳಿರಲಿಲ್ಲ. ಸೋಮವಾರ ನಿಶ್ಚಯದ ಎಲಿ-ಅಡಿಕಿಗೆ ಬರ್ತಾರ.”

“ಮುರಿದುಬಿಡ್ರಿ ಅಪ್ಪ.” ಕಾಲು ಹಿಡಿದೆ.

“ಆ ಹರಪನಹಳ್ಳಿ ಹುಡುಗ ಪ್ರವೀಣಕುಮಾರಂದು ಒಂದು ನಿಶ್ಚಯ ಆಗಲೇ ಮುರಿದೈತಿ. ಇನ್ನೊಂದು ನನ್ನ ಕೈಲೆ ಮುರೀಬೇಕೇನು?”

ಅಪ್ಪ ಅತ್ತರು. ಅವರು ಅತ್ತದ್ದನ್ನು ನಾನು ಕಂಡೇ ಇರಲಿಲ್ಲ. ಹಿಡಿದ ಕಾಲು ಬಿಟ್ಟೆ. ಸೋಮವಾರ ಬರಲಿ ಅಂದೆ.

ಹದಿನಾಲ್ಕು ದಿನ, ಬೀರಾ. ಕಲ್ಲಿಗೇನು, ನಾವು ನೋಡಿದರೂ ಬಿಟ್ಟರೂ ತಿರುಗುತ್ತೆ. ನಿನ್ನ ಮೇಲೆ ಸಿಟ್ಟು. ನನ್ನ ಮೇಲೆ ಅದಕ್ಕಿಂತ ಸಿಟ್ಟು. ಒಂದೇ ಒಂದು ಹೆಸರು ಹೇಳೋಕೆ ನನಗೇನಾಗಿತ್ತು!

ಅವನ ಫೋನ್ ಹತ್ತುತ್ತಿಲ್ಲ. ಕುರಿ ಹಟ್ಟಿಗೆ ಹೋಗಿರಬೇಕು, ಅಲ್ಲಿ ಸಿಗ್ನಲ್ ಇಲ್ಲ.

ಜುಲೈ ೨೫

ಬಸ್‌ಸ್ಟ್ಯಾಂಡಿಗೆ ನಾನೇ ಹೋದೆ, ಮನೆಗೆ ಬರೋ ಮೊದಲೇ ತಡೆಯಬೇಕು ಅಂತ. ತಾಯಿ ಮಗ ಇಳಿದರು. ನನ್ನ ಮುಖ ನೋಡಿದ ಕೂಡಲೇ ಅವನಿಗೆ ತಿಳಿಯಿತು. ಆ ಕಡೆ ತಿರುಗಿ ಬಸ್ಸಿನ ಬೋರ್ಡು ಓದತೊಡಗಿದ.

ಅವರವ್ವನಿಗೆ ತಿಳಿಯಲಿಲ್ಲ. ಹೊಸ ಸೀರೆ. ಕಂಕುಳಲ್ಲಿ ಹೊಸ ಕರಿ ಕಂಬಳಿ. “ನಮ್ಮ ಕುರಿ ಉಣ್ಣೀಲೆ ನೇಯ್ದದ್ದು. ನಿಮ್ಮ ಅಪ್ಪಾರನ್ನ ಇದರ ಮ್ಯಾಲ ಕುಂದ್ರಿಸಿ ಕೇಳಬೇಕವ್ವ, ಹಂಗ ಬರಿನೆಲದ ಮ್ಯಾಲ ಕೇಳಬಾರದು.” ನನ್ನ ಗಲ್ಲ ಹಿಡಿದರು. “ಎಷ್ಟು ಚೆಂದ ಅದಾಳ ನನ್ನ ಸೊಸಿ! ನಡಿಯವ್ವ, ಮನಿ ಯಾವ ಕಡಿಗೈತಿ?”

ನಾನು ಆ ಕೈ ಹಿಡಿದುಕೊಂಡು, ಅವ್ವಾ, ಅಂದೆ. ಆಮೇಲೆ, ಮನೆಗೆ ಬರಬೇಡಿ, ಸೋಮವಾರ ಬೇರೆಯವರ ಜೊತೆ ನನ್ನ ನಿಶ್ಚಯ, ಅಂತ ಹೇಳಿದೆ.