ಬೂದು ಕೋಟಿನ ಅಳತೆ

ಆಗಸ್ಟ್ ೨೪, ಭಾನುವಾರ

ಯುದ್ಧದಲ್ಲಿ ನನ್ನ ಅಜ್ಜಿಯ ಊರನ್ನು ಜರ್ಮನರು ಸುಟ್ಟದ್ದನ್ನು ಆಡಿ ತೋರಿಸುವ ಪ್ರದರ್ಶನದಲ್ಲಿ ಈ ವರ್ಷವೂ ಸತ್ತೆ. ಜರ್ಮನ್ ಸೈನಿಕನ ಬೂದು ಕೋಟು ತೊಟ್ಟು ಗುಂಡು ಹೊಡೆದವನು ನನ್ನ ಗಂಡ ವಿಟೋಲ್ಡ್. ಜನ ಮರೆಯಬಾರದೆಂದು ಇದನ್ನೆಲ್ಲ ಶುರುಮಾಡಿದವಳು ನಾನೇ. ಲುಬ್ಲಿನ್‌ನಿಂದ ನೋಡಲು ಬಂದವರು ಹುಲ್ಲಿನಲ್ಲಿ ಬಿದ್ದಿದ್ದ ನಮ್ಮನ್ನು ದಾಟಿಕೊಂಡು ಹೋಗಿ ಅವನ ಜೊತೆ ಫೋಟೋಗೆ ಮುಗಿಬಿದ್ದರು.

"ಏನ್ ಮಾಡೋಕಾಗತ್ತೆ ಕಣೇ, ಯೂನಿಫಾರ್ಮ್ ಅಂದ್ರೆ ಎಲ್ಲರಿಗೂ ಇಷ್ಟ," ಎಂದು ನಕ್ಕ.

ನನ್ನ ಪಕ್ಕದಲ್ಲೇ ಹೆಣವಾಗಿ ಮಲಗಿದ್ದ ಮಗಳು ಯಾಗ್ನಾ ಮನೆಗೆ ಬಂದಮೇಲೆ, "ಅಮ್ಮಾ, ಸತ್ತು ಸತ್ತು ಸಾಕಾಯ್ತು. ಮುಂದಿನ ಸಲ ನಂಗೂ ಅಪ್ಪನ ಥರ ಬೂದು ಕೋಟು ಹೊಲ್ದುಕೊಡು," ಎಂದಳು.

ಆಗಲ್ಲ ಎನ್ನಬೇಕಿತ್ತು. ಎಲ್ಲರ ವೇಷವನ್ನೂ ಹೊಲಿಯುವವಳು ನಾನು. ಆದರೂ ಟೇಪು ತಂದು ಅಳತೆ ತೆಗೆದೆ. ಥೇಟ್ ಅಜ್ಜಿಯದೇ ಭುಜ. ತೋಳು ಮಾತ್ರ ಸ್ವಲ್ಪ ಉದ್ದ.