ಒಂದೇ ನಂಬರಿನ ಎರಡು ಲೆನ್ಸ್

ಸ್ಟುಡಿಯೋ, ಹಿಂದಿನ ಕೋಣೆ
ಶನಿವಾರ, ಜೂನ್ ೧೫

ಪ್ರೀತಿಯ ಅಣ್ಣಾ,

ಒಂದು ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಬರೆದು ನಿನ್ನೆಯೇ ಲಕೋಟೆ ಅಂಟಿಸಿದ್ದೆ. ಬೆಳಿಗ್ಗೆ ಅದನ್ನು ಹರಿದುಹಾಕಿ ಮತ್ತೆ ಕೂತಿದ್ದೇನೆ. ಲೆನ್ಸ್ ತೆಗೆದುಕೊಂಡು ಹೋದವನು ನೀನೇ ಎಂದು ಅಪ್ಪನಿಗೆ ಹೇಳಿದವಳು ನಾನು. ಅಪ್ಪನಿಗೆ ತಾನಾಗಿಯೇ ಅನುಮಾನ ಬಂತೆಂದು ನೀನು ಇಂದಿಗೂ ತಿಳಿದಿರಬೇಕು.

ನಿನ್ನ ಬೆನ್ನುನೋವು ಹೇಗಿದೆ? ಅತ್ತಿಗೆ ಆರೋಗ್ಯವೇ? ಈ ಮನೆಯ ಕರೆಯನ್ನು ನೀನು ಎತ್ತದೆ ಎರಡು ವರ್ಷವಾಯಿತು, ಹಾಗಾಗಿ ಕಾಗದದಲ್ಲೇ ಕೇಳುತ್ತಿದ್ದೇನೆ. ಅಪ್ಪ ಊಟ, ನಿದ್ದೆ ಸರಿಯಾಗಿ ಮಾಡುತ್ತಾರೆ. ಮರೆವು ಮಾತ್ರ ದಿನದಿನಕ್ಕೆ ಹೆಚ್ಚುತ್ತಿದೆ. ನಿನ್ನೆ ನನ್ನನ್ನು ಗಿರಾಕಿ ಎಂದುಕೊಂಡು "ಗಲ್ಲ ಸ್ವಲ್ಪ ಮೇಲೆತ್ತಮ್ಮ" ಎಂದರು. ಎತ್ತಿದೆ.

ಆಗ ನಡೆದದ್ದು ಇಷ್ಟು. ಮುಖದ ಫೋಟೋ ತೆಗೆಯಲೆಂದೇ ಅಪ್ಪ ಜೋಪಾನ ಮಾಡಿದ್ದ ಎಂಬತ್ತೈದು ಎಂ.ಎಂ. ಲೆನ್ಸ್ ಬೀರುವಿನಿಂದ ಕಾಣೆಯಾದ ತಿಂಗಳೇ ನೀನು ಮಗಳ ಫೋಟೋ ಕಳಿಸಿದೆ. ಕಿಟಕಿಯ ಪಕ್ಕ ನಿಂತು, ಹಲ್ಲುಬಿದ್ದ ಬಾಯಿಯಲ್ಲಿ ನಗುತ್ತಿದ್ದಳು. ಪ್ರಿಂಟ್ ಹಾಕೋಣವೆಂದು ಸಾಫ್ಟ್‌ವೇರಿನಲ್ಲಿ ತೆರೆದೆ. ನಿನಗೆ ಗೊತ್ತಲ್ಲ, ಕ್ಯಾಮೆರಾ ಪ್ರತಿ ಫೋಟೋದೊಳಗೂ ಒಂದು ಟಿಪ್ಪಣಿ ಇಟ್ಟಿರುತ್ತದೆ: ಯಾವ ದಿನ, ಎಷ್ಟು ಬೆಳಕು, ಯಾವ ಲೆನ್ಸ್. ಸಾಫ್ಟ್‌ವೇರ್ ಅದನ್ನು ಓದಿ ಆ ಲೆನ್ಸಿನ ಅಂಕುಡೊಂಕು ತಿದ್ದುತ್ತದೆ. ಅಲ್ಲಿ ಅಪ್ಪನ ಲೆನ್ಸಿನ ಹೆಸರು ಅಕ್ಷರ ಬಿಡದೆ ಇತ್ತು. "ಕಂಪ್ಯೂಟರ್‌ಗೆ ಸುಳ್ಳು ಹೇಳೋಕೆ ಬರಲ್ಲ ಅಪ್ಪಾ" ಎಂದೆ. ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡುವ ಮಗಳ ಮಾತು, ನಂಬಿದರು. "ಕೇಳಿದ್ರೆ ಕೊಡ್ತಿರ್ಲಿಲ್ವೇನೋ?" ಎಂದು ನಿನಗೆ ಫೋನಿನಲ್ಲಿ ಕೇಳಿದ್ದು ಆಮೇಲೆ. ನೀನು ನನಗೆ, "ಇದು ಬೇರೆ ಕಂಪನೀದು ಕಣೇ, ಯಾರೋ ಬಳಸಿದ್ದನ್ನ ತಗೊಂಡೆ" ಎಂದೆ. ನಾನು "ಹ್ಞೂಂ" ಎಂದೆ. ಆ ಹ್ಞೂಂ ನಿನಗೆ ಕೇಳಿಸಿತೆಂದು ಕಾಣುತ್ತದೆ.

ಕಳೆದ ಸೋಮವಾರ ಕ್ಯಾಮೆರಾ ರಿಪೇರಿಯವರ ಮಗಳು ಬಂದಿದ್ದಳು. ತಂದೆಯ ಅಂಗಡಿ ಖಾಲಿ ಮಾಡುತ್ತಿದ್ದಾಳಂತೆ. ಒಂದು ಡಬ್ಬಿ ಕೊಟ್ಟುಹೋದಳು. ಒಳಗೆ ಅಪ್ಪನ ಲೆನ್ಸ್. ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿದ ಚೀಟಿಯಲ್ಲಿ ಅಪ್ಪನದೇ ಕೈಬರಹ: "ಒಳಗೆ ಫಂಗಸ್ ಹಿಡಿದಿದೆ, ಅವಸರವಿಲ್ಲ." ರಿಪೇರಿಗೆ ಕೊಟ್ಟು ಮರೆತಿದ್ದರು. ಮರೆವು ಆಗಲೇ ಶುರುವಾಗಿತ್ತು. ಎದುರಿಗಿದ್ದ ಅಪ್ಪನಲ್ಲಿ ನನಗದು ಕಾಣಲಿಲ್ಲ.

ನಿನ್ನ ಮಗಳ ಫೋಟೋ ಮತ್ತೆ ತೆರೆದೆ. ಈಗಲೂ ಅದೇ ಹೆಸರು. ಶಾಲೆಗಳ ಗ್ರೂಪ್ ಫೋಟೋ ತೆಗೆಯುವ ಒಬ್ಬ ಹುಡುಗಿ ನಮ್ಮ ಗಿರಾಕಿ, ಅವಳಿಗೆ ಫೋನ್ ಮಾಡಿದೆ. ನಕ್ಕುಬಿಟ್ಟಳು. "ಅಯ್ಯೋ ಅಕ್ಕಾ, ಆ ಕ್ಯಾಮೆರಾ ಲೆನ್ಸಿನ ಹೆಸರೆಲ್ಲಿ ಬರಿಯುತ್ತೆ? ಬರೀ ನಂಬರ್ ಬರಿಯುತ್ತೆ. ಬೇರೆ ಕಂಪನಿಯವರೂ ಅದೇ ನಂಬರ್ ಹಾಕ್ಕೊಂಡಿರ್ತಾರೆ. ಸಾಫ್ಟ್‌ವೇರು ಪಟ್ಟೀಲಿ ಮೊದಲಿರೋರ ಹೆಸರು ಕೂಗುತ್ತೆ, ತಲೆ ಎತ್ತದೆ ಹಾಜರಿ ಹಾಕೋ ಮೇಷ್ಟ್ರ ಥರ!" ನಾನೂ ನಗಬೇಕಾಯಿತು. ಅದು ಬರೀ ಊಹೆ ಮಾಡಿತ್ತು, ನಾನು ಸಾಕ್ಷಿ ಎಂದುಕೊಂಡೆ. ಸಾಫ್ಟ್‌ವೇರನ್ನು ಬೈದು ಕೈ ತೊಳೆದುಕೊಳ್ಳಬಹುದು. ಆದರೆ ಲೆನ್ಸ್ ಕಾಣೆಯಾದಾಗ ನನ್ನ ಪಟ್ಟಿಯಲ್ಲೂ ನಿನ್ನ ಹೆಸರೇ ಏಕೆ ಮೊದಲಿತ್ತು? ಐದು ದಿನದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ.

ಅತ್ತಿಗೆಗೆ ನಮಸ್ಕಾರ ಹೇಳು. ಮಗಳಿಗೆ ಮುತ್ತು, ಇಷ್ಟರಲ್ಲಿ ಬಂದಿರುವ ಹೊಸ ಹಲ್ಲಿಗೊಂದು.

ನಿನ್ನ ತಂಗಿ,
ಕಡ್ಡಿ

ತಾ.ಕ.: ಲೆನ್ಸನ್ನು ಅಪ್ಪನ ಕೈಗಿಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು. ಕಣ್ಣು ತುಂಬಿ, "ಅವನೇ ತಂದುಕೊಟ್ನಾ? ಹೋಗ್ಲಿ ಬಿಡು. ಬೇಜಾರಿಲ್ಲ ಅಂತ ಹೇಳು" ಎಂದರು. ಚೀಟಿ ತೋರಿಸಿದೆ, ರಿಪೇರಿ, ನಂಬರ್ ಎಲ್ಲ ಬಿಡಿಸಿ ಹೇಳಿದೆ. ತಲೆಯಾಡಿಸುತ್ತಾರೆ, ಅರ್ಧ ಗಂಟೆಗೆ ಮತ್ತೆ "ತಂದುಕೊಟ್ನಲ್ಲ, ಸಾಕು" ಎನ್ನುತ್ತಾರೆ. ನನ್ನ ಹೆಸರೇ ಮರೆಯುವವರ ತಲೆಯಲ್ಲಿ ಅಂದು ನಾನಾಡಿದ ಆ ಮಾತೊಂದು ಗಟ್ಟಿಯಾಗಿ ಕೂತಿದೆ. ತೆಗೆಯಲು ನನ್ನ ಕೈಲಾಗುತ್ತಿಲ್ಲ ಅಣ್ಣಾ. ನೀನು ಬಂದರೆ ಬಾಗಿಲಲ್ಲೇ ತಬ್ಬಿಕೊಳ್ಳುತ್ತಾರೆ, ಮಾಡದ ತಪ್ಪನ್ನು ಕ್ಷಮಿಸುತ್ತಾರೆ. ಅದನ್ನು ಸಹಿಸಿಕೊಂಡು ಬಾ ಎನ್ನಲು ನನಗೆ ಬಾಯಿಲ್ಲ. ಬರಬೇಡ ಎನ್ನಲೂ ಇಲ್ಲ. ನಾಳೆ ಅಂಚೆ ಕಚೇರಿಗೆ ರಜೆ. ಇದನ್ನು ಸೋಮವಾರ, ಜೂನ್ ಹದಿನೇಳರಂದು ಡಬ್ಬಕ್ಕೆ ಹಾಕುತ್ತೇನೆ.