ಚಿಕ್ಕತಾಯಮ್ಮ ಕೇಳಲು ಬಂದ ಕಾಗದ

ಶ್ರೀನಾಥ್,

ಚಿಕ್ಕತಾಯಮ್ಮನನ್ನು ಸೆಂಟ್ರಲ್ ಸ್ಟೇಷನ್ನಿಗೆ ಬಿಟ್ಟು ಬರ್ತೀನಿ. ಸಾರು ಬಿಸಿ ಮಾಡಿಕೊಳ್ಳಿ. ನಾಲ್ಕಕ್ಕೆ ಮೌನಳನ್ನು ಸ್ಕೂಲಿಂದ ಕರ್ಕೊಂಡು ಬನ್ನಿ, ಮರೀಬೇಡಿ.

ಮಳವಳ್ಳಿಯ ನಮ್ಮ ಹೊಲವನ್ನು ಹತ್ತೊಂಬತ್ತು ವರ್ಷದಿಂದ ಗೇಯುತ್ತಿರೋದು ಅವಳು. ನೀವು ಫಾರಂನಲ್ಲಿ ‘ಸ್ವಂತ ಸಾಗುವಳಿ’ ಅಂತ ಬರೆದಿದ್ದಕ್ಕೆ ಸರ್ಕಾರದ ಸಬ್ಸಿಡಿ ಈ ಸಲವೂ ಊರು ಬಿಟ್ಟು ಇಷ್ಟು ದೂರ ಈ ಪುರಸೈವಾಕ್ಕಂನಲ್ಲಿ ಕೂತಿರೋ ನಿಮ್ಮ ಖಾತೆಗೇ ಬಂತು.

“ಹೊಲ ನಿಮ್ದೇ ಕಣವ್ವ. ಗೇಯೋಳು ನಾನು ಅಂತ ಒಂದು ಕಾಗದ ಕೊಟ್ರೆ ಸಾಕು, ಬೀಜ-ಗೊಬ್ಬರದ ದುಡ್ಡು ನಂಗೂ ಬತ್ತದೆ,” ಅಂದಳು.

ನೀವು ಕೊಡಲ್ಲ. ಕಾಗದ ಕೊಟ್ಟರೆ ಹೊಲವೇ ಕೈತಪ್ಪಿ ಹೋಗುತ್ತೆ ಅನ್ನೋ ನಿಮ್ಮ ಮಾತು ನನಗೆ ಬಾಯಿಪಾಠ. ನೈಟ್ ಡ್ಯೂಟಿ ಮುಗಿಸಿ ಮಲಗಿದ್ದ ನಿಮ್ಮನ್ನು ಅದಕ್ಕೇ ಎಬ್ಬಿಸಲಿಲ್ಲ. ನೀವು ಊರಲ್ಲೇ ಇಲ್ಲ ಅಂತ ಅವಳಿಗೆ ಸುಳ್ಳು ಹೇಳಿದೆ.

ಅವಳು ತಂದ ಅವರೆಕಾಯಿ ಫ್ರಿಜ್‌ನಲ್ಲಿದೆ. ನನಗೆ ಬೇಡ, ನೀವೇ ತಿನ್ನಿ.

ಈಗ ಹೊರಡುವಾಗ ಒಳಗಿಂದ ನಿಮ್ಮ ಗೊರಕೆ ಕೇಳಿಸಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಾ, “ಮೆಲ್ಲಗೆ ಮಾತಾಡವ್ವ, ಅಯ್ಯೋರು ಮಲಗವ್ರೆ,” ಅಂದಳು.

ಉಷಾ